ತೂಬಿನ ಪೆದ್ದಪ್ಪನಿಗೆ ಮೀಸೆ ಯಾಕಿಲ್ಲ

ಅಯ್ಯಯ್ಯೋ, ಕೈ ಮುಗೀಬೇಡ ಕಣಮ್ಮ! ಅದು ದೇವರ ಪಟ ಅಲ್ಲ... ನೋಟು. ದುಡ್ಡಿನ ನೋಟು ಕಣಮ್ಮ, ಅಮೇರಿಕದ್ದು. ಹತ್ತು ಡಾಲರು. ಕುಂಕುಮ ನೋಡಿ ಮೋಸ ಹೋದೆ ನೀನು. ನನ್ನ ಹೆಂಡ್ತಿ ಶ್ಯಾಮಲಮ್ಮ ಇಟ್ಟಿರೋದು. ಗಂಡ ಗೋಡೆಗೆ ಏನು ಅಂಟಿಸಿದ್ರೂ ಕುಂಕುಮ ಇಟ್ಟುಬಿಡ್ತಾಳೆ. ಅಗೋ, ಮಾಲೂರು ರೈಲಿನ ಟೈಮ್ ಬರೆದ ಕಾಗದಕ್ಕೂ ಇಟ್ಟಿದ್ದಾಳೆ. ಆದ್ರೂ ರೈಲು ಟೈಮಿಗೆ ಬರಲ್ಲ.

ಕೂತ್ಕೋ ತಾಯಿ, ಆ ಚಪ್ಪಡಿ ಮೇಲೆ ಕೂತ್ಕೋ. ಕಲ್ಲುಪುಡಿ ಇದೆ, ಒರೆಸ್ತೀನಿ ಇರು... ಹ್ಞಾಂ. ನಿಮ್ಮ ಗುಂಟಪಲ್ಲಿ ಎಲ್ಲಿ, ನಮ್ಮ ಶಿವಾರಪಟ್ಟಣ ಎಲ್ಲಿ! ಶ್ರೀನಿವಾಸಪುರದಿಂದ ಆ ಇದ್ದಲು ಉರಿಸಿ ಓಡಿಸೋ ಬಸ್ಸು, ಕೋಲಾರದಿಂದ ಎತ್ತಿನ ಗಾಡಿ. ಎಪ್ಪತ್ತೈದು ದಾಟಿರೋ ಮೂಳೆ ಇಷ್ಟು ದೂರ ಬರಬಹುದಾ? ನಾಡಿದ್ದು ಗುರುವಾರ ನಿನ್ನ ಮೊಮ್ಮಗ ಬಚ್ಚಪ್ಪ ಗಾಡಿ ತಗೊಂಡು ಬರ್ತಾನೆ, ಶುಕ್ರವಾರ ನಿಮ್ಮ ಕೆರೆ ಏರಿ ಮೇಲೆ ವಿಗ್ರಹ ನಿಲ್ಲಿಸ್ತೀರ. ಆವಾಗ ನೋಡಿದ್ರಾಗ್ತಿರಲಿಲ್ವಾ?

ಏನು? ಮೊದಲೇ ಒಂದ್ಸಲ ನೋಡ್ಬೇಕಿತ್ತಾ?... ಸರಿ. ನೋಡು. ನಿಂತವ್ರೆ ನೋಡು ನಿನ್ನ ಮಾವನೋರು, ಪೆದ್ದಪ್ಪನೋರು. ಕೆರೆಗೆ ಕಲ್ಲಿನ ತೂಬು ಕಟ್ಟಿಸಿ, ಊರಿಗೆಲ್ಲ ಅನ್ನ ಕೊಟ್ಟ ಪುಣ್ಯಾತ್ಮರು.

ಹೇಗವ್ರೆ?

...ಹೇಗವ್ರೆ ಅಮ್ಮ?

ನಿಧಾನವಾಗಿ ನೋಡು, ಅವಸರ ಇಲ್ಲ. ಬಚ್ಚಪ್ಪ ನಂಗೆ ಹೇಳಿದ್ದ. ಆಚಾರ್ರೇ, ನಮ್ಮ ಮುತ್ತಾತನ ಫೋಟೋ ಇಲ್ಲ, ಅವರ ಕಾಲದವರು ಅಂತ ಬದುಕಿರೋಳು ನಮ್ಮಜ್ಜಿ ದೊಡ್ಡವೆಂಕಟಮ್ಮ ಒಬ್ಬಳೇ. ಅವಳು ಹೂಂ ಅಂದ್ರೆ ಊರೇ ಹೂಂ ಅಂತದೆ. ಅವಳು ಅಲ್ಲ ಅಂದ್ರೆ... ಅಲ್ಲ ಅಂದ್ರೆ ಏನು ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಳು ತಲೆಮಾರಿಂದ ಉಳಿ ಹಿಡಿದ ಮನೆ ತಾಯಿ ಇದು. ಕೋಲಾರ, ಮುಳಬಾಗಿಲು, ಎಲ್ಲಾದ್ರೂ ಹೋಗಿ ಕೇಳು. ಕಾಳಾಚಾರಿ ಕೆತ್ತಿದ್ದು ಅಂದ್ರೆ ಕಣ್ಣು ಮುಚ್ಕೊಂಡು ಗಾಡಿಗೆ ಹಾಕ್ಕೊಂಡು ಹೋಗ್ತಾರೆ. ನಿನ್ನ ಬಾಯಿಂದ ಒಂದು ‘ಅಲ್ಲ’ ಬಂತು ಅಂದ್ರೆ, ನಾಳೆಯಿಂದ ನಾನು ರುಬ್ಬೋ ಗುಂಡು ಕೆತ್ಕೊಂಡು ಸಂತೇಲಿ ಕೂರಬೇಕು.

ನಗ್ತೀಯಾ? ನಗು ತಾಯಿ, ನಗು. ನಕ್ಕರೆ ನಂಗೂ ಧೈರ್ಯ ಬರ್ತದೆ.

ಆ ನೋಟಲ್ಲಿ ಇರೋನು ಯಾರು ಅಂತಾನಾ? ಬಿಡಮ್ಮ ಅವನು ಯಾರೋ ದೂರದವನು. ಸತ್ತು ನೂರು ವರ್ಷದ ಮೇಲಾಯ್ತು. ನಿನಗೆ ಮಜ್ಜಿಗೆ ತರಿಸ್ಲಾ?... ಬೇಡವಾ... ಅವನು ಯಾರು ಅಂತಾನೇ ಹೇಳಬೇಕಾ? ಸರಿ, ಹೇಳ್ತೀನಿ. ಹೇಳೋಕೆ ನನಗೇನು? ಕಥೆ ಚೆನ್ನಾಗಿದೆ.

ಎರಡು ವರ್ಷದ ಹಿಂದೆ, ಯುದ್ಧ ಜೋರಾಗಿದ್ದಾಗ, ಬೆಂಗಳೂರಿನ ವಿಮಾನದ ಕಾರ್ಖಾನೇಲಿ ಅಮೇರಿಕದ ಸೋಲ್ಜರ್‌ಗಳು ತುಂಬಿಕೊಂಡಿದ್ರಲ್ಲ. ಅದರಲ್ಲಿ ಒಬ್ಬ ಸಾರ್ಜೆಂಟು ಜೀಪಲ್ಲಿ ಇಲ್ಲಿಗೆ ಬಂದ. ಬಿಸಿಲಿಗೆ ಮುಖ ಬೇಯಿಸಿದ ಗೆಣಸಿನಂಗೆ ಆಗಿತ್ತು. ಜೊತೇಲಿ ಮಾಲೂರಿನ ಕದಿರಪ್ಪ ಮೇಷ್ಟ್ರು, ದುಭಾಷಿ. ಸಾರ್ಜೆಂಟು ಜೇಬಿಂದ ಈ ನೋಟು ತೆಗೆದ, ಈ ಮುಖದ ಮೇಲೆ ಬೆರಳಿಟ್ಟ. ಇದೇ ಮುಖ, ಕಲ್ಲಲ್ಲಿ, ಮೂರಡಿ ಬೇಕು ಅಂದ. ಅವರಪ್ಪ ಅಲ್ಲೆಲ್ಲೋ ಬ್ಯಾಂಕಲ್ಲಿ ಗುಮಾಸ್ತನಂತೆ, ಈ ನೋಟಿನವನು ಅಂದ್ರೆ ಪ್ರಾಣವಂತೆ. ಯುದ್ಧ ಮುಗಿಸ್ಕೊಂಡು ಹೋಗುವಾಗ ಅಪ್ಪಂಗೆ ಕೊಡಬೇಕಂತೆ. ಪಾಪ, ಒಳ್ಳೆ ಮಗ.

ನಾನಂದೆ, ಧ್ಯಾನಶ್ಲೋಕ ಎಲ್ಲಿ?

ನಮ್ಮಲ್ಲಿ ಅದು ಪದ್ಧತಿ ಕಣಮ್ಮ. ಯಾವ ವಿಗ್ರಹ ಮಾಡಬೇಕಾದ್ರೂ ಮೊದಲು ಶ್ಲೋಕ. ಎಷ್ಟು ಕೈ, ಕೈಯಲ್ಲಿ ಏನು, ವಾಹನ ಯಾವುದು, ಮುಖ ಸಿಟ್ಟಾ ಶಾಂತವಾ, ಎಲ್ಲಾ ಅದರಲ್ಲಿರ್ತದೆ. ಶ್ಲೋಕ ಬಾಯಿಗೆ ಬರೋವರೆಗೂ ನಮ್ಮಪ್ಪ ಉಳಿ ಮುಟ್ಟೋಕೆ ಬಿಡ್ತಿರಲಿಲ್ಲ. ಈ ನೋಟಲ್ಲಿ ಎದೆವರೆಗೆ ಮಾತ್ರ ಇದ್ದಾನೆ. ಎದೆ ಕೆಳಗೆ? ಕೆಳಗೇನಿದೆ ಅಂತ ನನಗೇನು ಗೊತ್ತು? ಇವನ ಚರಿತ್ರೆ ಹೇಳಿ, ಆಮೇಲೆ ಕಲ್ಲು ಮುಟ್ತೀನಿ ಅಂದೆ. ಸಾರ್ಜೆಂಟು ತಲೆ ಕೆರ್ಕೊಂಡ. ಆಮೇಲೆ ಇದೇ ಚಪ್ಪಡಿ ಮೇಲೆ ಕೂತ. ಮೂರು ಭಾನುವಾರ ಬಂದು ಹೇಳಿದ ಕಣಮ್ಮ! ಅವನು ಇಂಗ್ಲಿಷಲ್ಲಿ ಹೇಳೋದು, ಮೇಷ್ಟ್ರು ಅದನ್ನ ಕನ್ನಡಕ್ಕೆ ತರ್ತಾ ತರ್ತಾ ಅರ್ಧಕ್ಕೆ ಕಣ್ಣೀರು ಹಾಕೋದು.

ಹೆಸರು ಹ್ಯಾಮಿಲ್ಟನ್ನು. ನನ್ನ ನಾಲಿಗೆಗೆ ಅದು ನಿಲ್ಲಲ್ಲ, ಹ್ಯಾಮಿಲ್ಟಪ್ಪ ಅಂತ ಇಟ್ಕೊಂಡೆ. ಸಮುದ್ರದ ಮಧ್ಯೆ ಯಾವುದೋ ದ್ವೀಪದಲ್ಲಿ ಹುಟ್ಟಿದವನು. ಕಬ್ಬು ಬೆಳೆಯೋ ದ್ವೀಪ. ಅಪ್ಪ ಅಮ್ಮಂಗೆ ಸರಿಯಾದ ಮದುವೆ ಇಲ್ಲ. ಅಪ್ಪ ಬಿಟ್ಟು ಹೋದ, ಅಮ್ಮ ಜ್ವರ ಬಂದು ಸತ್ತಳು. ಯಾರೋ ವ್ಯಾಪಾರಿ ಅಂಗಡೀಲಿ ಲೆಕ್ಕ ಬರ್ಕೊಂಡಿದ್ದ. ಒಂದು ದಿನ ಆ ದ್ವೀಪಕ್ಕೆ ಬಿರುಗಾಳಿ ಬಂತು ನೋಡು, ಮನೆ ಮಠ ಎಲ್ಲಾ ಎತ್ತಿ ಬಿಸಾಕ್ತು. ಎಲ್ಲರೂ ಅಳ್ತಾ ಕೂತ್ರೆ ಇವನು ಅದನ್ನ ಕಾಗದದಲ್ಲಿ ಬರೆದ. ಅದು ಪೇಪರಲ್ಲಿ ಅಚ್ಚಾಯ್ತು. ಓದಿದವರು, ಅರೆ, ಇಷ್ಟು ಬುದ್ಧಿ ಇರೋನು ಅಂಗಡೀಲಿ ಯಾಕೆ ಕೊಳೀಬೇಕು ಅಂತ ಚಂದಾ ಎತ್ತಿ ಅಮೇರಿಕಕ್ಕೆ ಓದೋಕೆ ಕಳಿಸಿದ್ರು. ಬಿರುಗಾಳಿಗೆ ಹಾರಿಹೋಗಿ ಉದ್ಧಾರ ಆದವನು ಲೋಕದಲ್ಲಿ ಅವನೊಬ್ಬನೇ ಇರಬೇಕು.

ಅಲ್ಲೂ ಆವಾಗ ಇಂಗ್ಲಿಷರದೇ ಆಳ್ವಿಕೆಯಂತೆ... ಮೆಲ್ಲಗೆ ಹೇಳ್ತೀನಿ ಇರು, ಪಟೇಲರು ಆ ಕಡೆ ಓಡಾಡ್ತಿರ್ತಾರೆ. ಆ ಜನ ಎದುರು ನಿಂತ್ರು, ಯುದ್ಧ ಆಯ್ತು. ಇವನು ದೊಡ್ಡ ದಂಡನಾಯಕನ ಹತ್ರ ಕಾಗದ ಪತ್ರ ಬರೆಯೋನಾದ. ಕುದುರೆ ಹತ್ತಿದ, ಕತ್ತಿ ಹಿಡಿದ. ಗೆದ್ದ ಮೇಲೆ ನೋಡಿದ್ರೆ ಏನು? ಹದಿಮೂರು ಸೀಮೆ, ಹದಿಮೂರಕ್ಕೂ ಕುತ್ತಿಗೆವರೆಗೂ ಸಾಲ. ಇವನನ್ನ ಖಜಾನೆ ಮಂತ್ರಿ ಮಾಡಿದ್ರು. ಅಲ್ಲಿಯ ಮೊಟ್ಟಮೊದಲನೇ ಖಜಾನೆ ಮಂತ್ರಿ! ಇವನೇನಂದ ಗೊತ್ತಾ? ಹದಿಮೂರು ಜನ ಅಣ್ಣತಮ್ಮಂದಿರು ಬೇರೆ ಬೇರೆ ಸಾಲ ತೀರಿಸೋದು ಬೇಡ, ಎಲ್ಲಾ ಸಾಲಾನೂ ಮನೆ ಸಾಲ ಅಂತ ನನ್ನ ತಲೆ ಮೇಲೆ ಹಾಕಿ. ಸಾಲ ಒಂದಾದ್ರೆ ಮನೆ ಒಂದಾಗ್ತದೆ. ಆಗಲೇ ತೀರಿಸಿದ್ದ ತಮ್ಮಂದಿರು ಕುಣಿದಾಡಿಬಿಟ್ರಂತೆ, ಅವನು ಕುಡಿದ ಹೆಂಡದ ದುಡ್ಡು ನಾನ್ಯಾಕೆ ಕೊಡಲಿ ಅಂತ. ನಮ್ಮ ಮನೆಗಳಲ್ಲೂ ಅದೇ ಅಲ್ವಾ? ಆದ್ರೂ ಇವನು ಬಿಡಲಿಲ್ಲ. ಬ್ಯಾಂಕು ಮಾಡಿದ, ನಾಣ್ಯ ಅಚ್ಚು ಹಾಕೋ ಟಂಕಸಾಲೆ ಮಾಡಿಸಿದ.

ಯಾವ ರಾಕ್ಷಸನ್ನ ಕೊಂದ ಅಂತ ನಾನು ಕೇಳ್ದೆ. ಶ್ಲೋಕಕ್ಕೆ ಬೇಕಲ್ಲ. ಸಾಲಾಸುರನ್ನ ಅಂದ್ರು ಮೇಷ್ಟ್ರು. ಅಲ್ಲೇ ಕಟ್ಟಿಬಿಟ್ರು: ‘ದ್ವಿಭುಜಂ ಲೇಖನೀಹಸ್ತಂ ಋಣಸಂಹಾರಕಾರಿಣಂ’. ಎರಡು ಕೈ, ಕೈಯಲ್ಲಿ ಲೇಖನಿ, ಸಾಲ ಸಂಹಾರ ಮಾಡಿದವನು. ಹೆಂಗದೆ? ಸಾರ್ಜೆಂಟಿಗೆ ಅದನ್ನ ಬಾಯಿಪಾಠ ಮಾಡಿಸಿದ್ವಿ. ದ್ವಿಬುಜಮ್ಮು ಲೇಕನಿ ಅಂತ ಹಾಡ್ಕೊಂಡು ಜೀಪು ಓಡಿಸ್ತಿದ್ದ.

ನಾನು ಶುರು ಮಾಡ್ದೆ. ಒಳ್ಳೆ ಕೃಷ್ಣಶಿಲೆ. ಬಲಗೈಯಲ್ಲಿ ಗರಿ ಲೇಖನಿ, ಎಡಗೈಯಲ್ಲಿ ಸುತ್ತಿದ ಕಾಗದ. ಕುತ್ತಿಗೆಗೆ ಸುತ್ತಿರೋ ಬಟ್ಟೆ. ಹಿಂದಕ್ಕೆ ಬಾಚಿ ಕಟ್ಟಿದ ಜುಟ್ಟು. ಅವನಿಗೂ ಜುಟ್ಟು ಇತ್ತು ಕಣಮ್ಮ...

ಅವನಿಗೂ ಅಂದ್ನಾ? ಅವನಿಗೆ. ಅವನಿಗೆ ಜುಟ್ಟು ಇತ್ತು ಅಂದೆ.

ಯಾಕಮ್ಮ ಹಂಗೆ ತಲೆ ತಗ್ಗಿಸ್ಕೊಂಡೇ ಕೂತಿದ್ದೀಯ? ಬಂದಾಗಿಂದ ಹಂಗೇ ಕೂತಿದ್ದೀಯ. ಮಾವನೋರ ಕೈ ನೋಡ್ತಿದ್ದೀಯಾ? ಅದು ತೂಬಿನ ಬೆಣೆ. ಎಡಗೈಯಲ್ಲಿ ಇರೋದು. ನೀರು ನಿಲ್ಲಿಸೋಕೆ ತೂಬಿಗೆ ಹೊಡಿಯೋ ಬೆಣೆ. ಸುತ್ತಿದ ಕಾಗದದಂಗೆ ಕಾಣ್ತದಾ? ಇಲ್ಲ ಇಲ್ಲ, ಬೆಣೆ. ಬಲಗೈಯಲ್ಲಿ ಇರೋದು ಬಾರುಕೋಲು, ಎತ್ತು ಹೊಡಿಯೋದು. ಗರಿ ಅಲ್ಲ.

ಗರಿ ಅಂತ ನೀನೆಲ್ಲಿ ಅಂದೆ? ನಾನೇ ಅಂದೆ. ಸರಿ.

ಮೀಸೆ ವಿಷ್ಯ ಬಚ್ಚಪ್ಪ ಹೇಳಿರಬೇಕು ನಿಂಗೆ. ಹೋದ ವಾರ ವಿಗ್ರಹ ನೋಡೋಕೆ ಬಂದವನು, ಎಲ್ಲಾ ಸರಿ ಆಚಾರ್ರೇ, ಮುತ್ತಾತಂಗೆ ಮೀಸೆ ಇಲ್ವಲ್ಲ ಅಂದ. ನಾನು ಏನು ಹೇಳಲಿ? ತೂಬಿನಲ್ಲಿ ನೀರು ಹರಿಯೋವರೆಗೂ ಮೀಸೆ ಬಿಡಲ್ಲ ಅಂತ ಪೆದ್ದಪ್ಪನೋರು ಹರಕೆ ಹೊತ್ತಿದ್ರಂತೆ, ಹಳಬರು ಹೇಳ್ತಿದ್ರು ಅಂದೆ. ಹೌದಲ್ವಾ? ಹೊತ್ತಿರಬಹುದಲ್ವಾ? ಅವನು ಕೈ ಮುಗಿದುಬಿಟ್ಟ ಕಣಮ್ಮ. ಈಗ ನಿಮ್ಮೂರಲ್ಲಿ ಗಂಡಸರು ಸಾಲಾಗಿ ಮೀಸೆ ಬೋಳಿಸ್ಕೊಂಡು ಹರಕೆ ಹೊರ್ತಿದ್ದಾರಂತೆ, ಮೊನ್ನೆ ಕೋಲಾರ ಸಂತೇಲಿ ಕೇಳ್ದೆ. ನಿಮ್ಮೂರ ಕ್ಷೌರಿಕ ನನಗೆ ಒಂದು ಸೇರು ಅವರೆಕಾಳು ಕಳಿಸಿದ್ದಾನೆ.

ಅಮ್ಮ... ನಗಲಿಲ್ಲ ನೀನು.

ಆ ಹ್ಯಾಮಿಲ್ಟಪ್ಪ ಕೊನೆಗೇನಾದ ಅಂತ ಕೇಳಲ್ವಾ? ಹೇಳ್ತೀನಿ. ಅವರಲ್ಲಿ ಒಂದು ದರಿದ್ರ ಪದ್ಧತಿ. ದೊಡ್ಡ ಮನುಷ್ಯರು ಜಗಳ ಆಡಿದ್ರೆ ಪಂಚಾಯ್ತಿ ಕಟ್ಟೆಗೆ ಹೋಗಲ್ಲ, ನದಿ ಆಚೆ ಹೋಗಿ ಎದುರುಬದುರು ನಿಂತು ಪಿಸ್ತೂಲು ಹಾರಿಸ್ತಾರೆ. ಅವನ ದೊಡ್ಡ ಮಗ ಹಂಗೇ ಸತ್ತ, ಹತ್ತೊಂಬತ್ತು ವರ್ಷ. ಅಪ್ಪನ ಮರ್ಯಾದೆಗೋಸ್ಕರ ಹೋಗಿದ್ನಂತೆ. ಮೂರು ವರ್ಷ ಆದ್ಮೇಲೆ ಇವನನ್ನೂ ಒಬ್ಬ ಕರೆದ. ಸಾಮಾನ್ಯದವನಲ್ಲ, ದೇಶಕ್ಕೆ ಎರಡನೇ ಯಜಮಾನ. ನಾನು ಮೊದಲ ಗುಂಡು ಅವನ ಮೇಲೆ ಹಾರಿಸಲ್ಲ ಅಂತ ಇವನು ಕಾಗದ ಬರೆದಿಟ್ಟು ಹೋದ. ಇವನ ಗುಂಡು ಮರದ ಕೊಂಬೆಗೆ ಹೋಯ್ತು, ಅವನ ಗುಂಡು ಇವನ ಹೊಟ್ಟೆಗೆ. ಮಾರನೇ ದಿನ ಹೋಗಿಬಿಟ್ಟ. ಇದನ್ನ ಹೇಳುವಾಗ ಸಾರ್ಜೆಂಟು ಟೋಪಿ ತೆಗೆದ. ಮೇಷ್ಟ್ರೂ ಪೇಟ ತೆಗೆದ್ರು. ನಾನು ತಲೆಗೆ ಕಟ್ಟಿದ್ದ ಟವಲು ತೆಗೆದೆ. ಮನಸ್ಸಿಗೆ ಬಹಳ ಬೇಜಾರಾಯ್ತು ಕಣಮ್ಮ. ಊರ ಸಾಲವನ್ನೆಲ್ಲ ತಲೆ ಮೇಲೆ ಹೊತ್ತವನಿಗೆ ಊರವರೇ ಗುಂಡು ಹೊಡೆದ್ರಲ್ಲ.

ಅಷ್ಟೇ. ಕಥೆ ಮುಗೀತು.

...ಏನಾದ್ರೂ ಮಾತಾಡಮ್ಮ. ಚೆನ್ನಾಗಿದೆ ಅನ್ನು, ಇಲ್ಲ ಚೆನ್ನಾಗಿಲ್ಲ ಅನ್ನು. ತೆಲುಗಲ್ಲಾದ್ರೂ ಬೈಯಿ. ಈ ಸುಮ್ಮನೆ ಕೂರೋದು ಒಂದು ಬೇಡ. ನೆಲ ನೋಡ್ಕೊಂಡು ಕೂತಿದ್ದೀಯ, ಸೆರಗಿನ ತುದಿ ತಿರುಗಿಸ್ತಿದ್ದೀಯ. ನಮ್ಮ ಹೆಡ್ಮೇಷ್ಟ್ರು ಹಿಂಗೇ ಕೂರ್ತಿದ್ರು, ಹೊಡಿಯೋಕೆ ಮುಂಚೆ.

ಒಂದು ವಿಷ್ಯ ಬಿಟ್ಟಿದ್ದೆ. ಹೆಂಗಸರ ಮುಂದೆ ಹೇಳಬಾರದು ಅಂತ ಬಿಟ್ಟಿದ್ದೆ. ಆ ಹ್ಯಾಮಿಲ್ಟಪ್ಪಂಗೆ... ಒಬ್ಬಳ ಸಹವಾಸ ಇತ್ತು. ಮದುವೆ ಆದವಳು. ಅವಳ ಗಂಡನೇ, ನೋಡು ಆ ನೀಚನ್ನ, ಬಾಯಿ ಮುಚ್ಕೊಂಡಿರೋಕೆ ಇವನ ಹತ್ರ ದುಡ್ಡು ಕೀಳ್ತಿದ್ದ. ಅದು ಹೆಂಗೋ ವೈರಿಗಳಿಗೆ ಸಿಕ್ತು. ಖಜಾನೆ ಮಂತ್ರಿ ಯಾವನಿಗೋ ಕದ್ದು ದುಡ್ಡು ಕೊಡ್ತಾನೆ, ಖಜಾನೆ ನುಂಗಿದ್ದಾನೆ ಅಂತ ಗುಲ್ಲೆಬ್ಬಿಸಿದ್ರು. ಇವನೇನು ಮಾಡ್ದ ಹೇಳು? ತಾನೇ ಪುಸ್ತಕ ಅಚ್ಚು ಹಾಕಿಸ್ದ! ಹೌದು, ಆ ಹೆಂಗಸಿನ ಹತ್ರ ಹೋಗಿದ್ದೆ, ತಪ್ಪು ಮಾಡ್ದೆ, ಆದ್ರೆ ಖಜಾನೆಯ ಒಂದು ಕಾಸು ಮುಟ್ಟಿಲ್ಲ ಅಂತ. ಹೆಂಡ್ತಿ ಮಕ್ಕಳು ಓದ್ತಾರೆ ಅಂತ ಗೊತ್ತಿದ್ದೂ. ಲೋಕಕ್ಕೆಲ್ಲ ಹಂಚಿಬಿಟ್ಟ. ಹಾದೀಲಿ ಹೋಗೋ ಮಾರೀನ ಮನೆಗೆ ಕರೆದಂಗಾಯ್ತಲ್ಲ, ಎಂಥ ಪೆದ್ದ ಇವನು ಅಂತ ನಾನು ನಕ್ಕೆ. ಮೇಷ್ಟ್ರು ನಗಲಿಲ್ಲ. ಅವನ ಕೆಲಸದ ಮೇಲೆ ಕಳಂಕ ಬಂದಿತ್ತು ಆಚಾರ್ರೇ, ಅದನ್ನ ತೊಳೆಯೋಕೆ ಮನೆ ಮರ್ಯಾದೇನೇ ನೀರು ಮಾಡ್ಕೊಂಡ ಅಂದ್ರು.

ಅದು ಈಗ ಅರ್ಥ ಆಗ್ತದೆ ನಂಗೆ. ನೀನು ಹಿಂಗೆ ಕೂತಿರೋದು ನೋಡಿದ್ರೆ ಅರ್ಥ ಆಗ್ತದೆ.

ಸರಿ ತಾಯಿ. ನಿಂಗೆ ಗೊತ್ತಾಗಿದೆ. ನಂಗೂ ಗೊತ್ತು ನಿಂಗೆ ಗೊತ್ತಾಗಿದೆ ಅಂತ. ಇವರು ನಿನ್ನ ಮಾವನೋರಲ್ಲ.

ಅಲ್ಲ! ಅಲ್ಲ ಕಣಮ್ಮ! ಅಲ್ಲ ಅಲ್ಲ ಅಲ್ಲ. ಇವನು ಅವನೇ, ಆ ನೋಟಿನವನು. ಸಾರ್ಜೆಂಟು ಬರ್ಮಾ ಕಡೆ ಹೋದ, ಇವತ್ತಿಗೂ ಒಂದು ಕಾಗದ ಇಲ್ಲ. ಯುದ್ಧ ಮುಗಿದು ವರ್ಷ ಆಯ್ತು. ಬದುಕಿದ್ದಾನೋ ಇಲ್ವೋ, ಆ ದೇವರಿಗೇ ಗೊತ್ತು. ಹ್ಯಾಮಿಲ್ಟಪ್ಪ ಗೋಡೆ ಕಡೆ ಮುಖ ಮಾಡ್ಕೊಂಡು ನಿಂತಿದ್ದ. ಆವಾಗ ನಿನ್ನ ಮೊಮ್ಮಗ ಬಂದ. ಇಪ್ಪತ್ತು ದಿನದಲ್ಲಿ ವಿಗ್ರಹ ಬೇಕು ಅಂದ. ಇಪ್ಪತ್ತು ದಿನದಲ್ಲಿ ಮೂರಡಿ ಕಲ್ಲು ಆಗ್ತದಾ? ಆಗಲ್ಲ ಅನ್ನೋಕೆ ಬಾಯಿ ತೆಗೆದೆ, ಆಗ್ತದೆ ಅಂತ ಬಂತು. ಅವನು ಹೋದ ಮೇಲೆ ಇವನನ್ನ ಈ ಕಡೆ ತಿರುಗಿಸ್ದೆ. ಜುಟ್ಟು ಇತ್ತಲ್ಲ, ಅದೇ ನನ್ನ ಕೆಡಿಸ್ತು. ಗರಿಯನ್ನ ತೆಳ್ಳಗೆ ತೇದು ಬಾರುಕೋಲು ಮಾಡ್ದೆ. ಕೋಟನ್ನ ಕಂಬಳಿ ಮಾಡ್ದೆ. ಬಕಲು ಇರೋ ಬೂಟು ಹಾಕಿದ್ದ, ಅದನ್ನ ಕೆತ್ತಿ ಪಾದ ಮಾಡ್ದೆ. ಮೀಸೆ ಎಲ್ಲಿಂದ ತರಲಿ? ಕಲ್ಲಲ್ಲಿ ತೆಗೀಬಹುದು, ಸೇರಿಸೋಕಾಗಲ್ಲ. ಮೂಗಿನ ಕೆಳಗೆ ಕಲ್ಲೇ ಇರಲಿಲ್ಲ! ಹರಕೆ ಗಿರಕೆ ಎಲ್ಲಾ ನಾನು ಕಟ್ಟಿದ್ದು.

ಕಲ್ಲಿಗೆ ಮೋಸ ಮಾಡಿಲ್ಲ ತಾಯಿ. ತಟ್ಟಿ ನೋಡು, ಗಂಟೆ ಹೊಡೆದಂಗೆ ನಾದ ಬರ್ತದೆ. ಉಳಿಗೆ ಮೋಸ ಮಾಡಿಲ್ಲ. ಮುಖ ಒಂದರಲ್ಲಿ ಸುಳ್ಳು ಹೇಳ್ದೆ. ಊರಿಗೆ ಹೋಗಿ ಅಲ್ಲ ಅಂದುಬಿಡು. ರುಬ್ಬೋ ಗುಂಡು ಕೆತ್ಕೊಂಡು ಬದುಕ್ತೀನಿ. ಆದ್ರೆ ಕಾಳಾಚಾರಿ ಕಲ್ಲು ಕೆಟ್ಟದ್ದು ಅಂತ ಮಾತ್ರ ಅನ್ನಬೇಡ.

ಏನು? ಏನಂದೆ?

...ಬೆರಳಾ?

ಯಾವ ಬೆರಳು?

ಕಾಲಲ್ಲಿ ಆರು ಬೆರಳು ಇತ್ತಾ? ನಿನ್ನ ಮಾವನೋರಿಗಾ? ಎಡಗಾಲಲ್ಲಿ... ಅದನ್ನ ಹೇಳೋಕೆ ಬಂದ್ಯಾ? ಗುಂಟಪಲ್ಲಿಯಿಂದ ಇಲ್ಲಿಗೆ? ಅಷ್ಟೇನಾ?

ಮತ್ತೆ ಮುಖ? ಮುಖ ನೋಡಿ ನಿಂಗೆ ಏನೂ ಅನಿಸಲಿಲ್ವಾ?

...ನೋಡಿಲ್ವಾ?

ಯಾವತ್ತೂ ನೋಡಿಲ್ವಾ? ಹನ್ನೊಂದು ವರ್ಷ ಒಂದೇ ಮನೇಲಿ ಇದ್ಯಲ್ಲಮ್ಮ! ಹೌದೌದು... ಸೊಸೆ ಮಾವನ ಮುಂದೆ ತಲೆ ಎತ್ತಬಾರದು. ಬಾಗಿಲ ಹಿಂದೆ ನಿಂತು ಉತ್ತರ ಕೊಡೋದು. ಹೊಲದಿಂದ ಬಂದಾಗ ಕಾಲಿಗೆ ನೀರು ಕೊಡೋದು. ಹನ್ನೊಂದು ವರ್ಷ ಪಾದ ನೋಡಿದ್ದೀಯ, ಅಷ್ಟೇ. ಅಯ್ಯೋ ನನ್ನ ಕರ್ಮವೇ... ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡೆ ನಾನು. ಯಾರೂ ಕುಂಬಳಕಾಯಿ ಅಂತಾನೂ ಅನ್ನಲಿಲ್ಲ!

ನಗು. ನಗು ತಾಯಿ. ಹೊಟ್ಟೆ ಹಿಡ್ಕೊಂಡು ನಗ್ತೀಯಲ್ಲ, ಈಗ ನಗ್ತೀಯಾ?

ಬಚ್ಚಪ್ಪಂಗೆ ಹೇಳ್ತೀಯಾ?...

ಹೋಗಲಿ, ಒಂದು ಕೆಲಸ ಮಾಡು. ಈಗ ಗೊತ್ತಾಯ್ತಲ್ಲ ಇವನು ನಿನ್ನ ಮಾವ ಅಲ್ಲ ಅಂತ. ಎಲ್ಲಿಯವನೋ, ದ್ವೀಪದವನು. ತಲೆ ಎತ್ತಿ ಮುಖ ನೋಡು. ತಪ್ಪಿಲ್ಲ. ಕಣ್ಣು ನಾನೇ ಮೂರು ದಿನ ಕೂತು ಬಿಡಿಸಿದ್ದು. ನೋಡು ಅಮ್ಮ.

ಸೆರಗು ಯಾಕಮ್ಮ ಹಣೆವರೆಗೂ ಎಳ್ಕೋತೀಯ? ಪರಪುರುಷ ಅಂತಾನಾ, ಮಾವ ಅಂತಾನಾ? ಹೇಳು. ಎರಡರಲ್ಲಿ ಯಾವುದು ಅಂತ ಹೇಳಿಬಿಡು, ನನ್ನ ಜೀವ ಹಾರ್ತಾ ಇದೆ.

ನಿಧಾನ... ಎದ್ದೇಳ್ಬೇಡ, ಮಂಡಿ ನೋಯ್ತದೆ. ಬಗ್ಗಬೇಡ ತಾಯಿ, ಅವನ ಕಾಲು ಯಾಕೆ ಮುಟ್ತೀಯ, ನಾನು ಹೇಳಿದ್ನಲ್ಲ ಅವನು...

...

ಅಲ್ಲೇನಾ? ಕಿರುಬೆರಳ ಪಕ್ಕ?

ಆಗ್ತದೆ ತಾಯಿ. ಬೂಟಿನ ಕಲ್ಲು ಅಲ್ಲಿ ಇನ್ನೂ ಉಳಿದಿದೆ, ಒಂದು ಬೆರಳಿಗೆ ಸಾಕಾಗ್ತದೆ. ಕೈ ತೆಗೀಬೇಡ. ಅಲ್ಲೇ ಬೆರಳಿಟ್ಟಿರು, ಗುರುತು ಹಾಕ್ಕೋತೀನಿ.